ಎಲುಬು ಟೊಳ್ಳಾಗದಿರಲು: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದವರು ಬಚ್ಚಲಲ್ಲಿ ಜಾರಿ ಟೊಂಕದ ಎಲುಬು ಮುರಿದುಕೊಂಡರೆ ಮನೆಯವರು ಬಚ್ಚಲನ್ನೇ ದೂರುತ್ತಾರೆ. ಆದರೆ ನಿಂತಲ್ಲೇ ಬಿದ್ದ ಮಾತ್ರಕ್ಕೆ ಗಟ್ಟಿ ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ. ಅದು ಎಷ್ಟೋ ವರ್ಷಗಳಿಂದ ಒಳಗೊಳಗೇ ಟೊಳ್ಳಾಗುತ್ತ ಬಂದಿರುತ್ತದೆ. ಈ ಕಾಯಿಲೆಗೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಇದನ್ನು ತಡೆಯುವ ಕೆಲಸ ಹೆಚ್ಚಾಗಿ ಮನೆಯಲ್ಲೇ ಆಗಬೇಕು, ಅದೂ ಹೆಣ್ಣುಮಗಳು ಶಾಲೆಗೆ ಹೋಗುವ ವಯಸ್ಸಿನಿಂದಲೇ ಶುರುವಾಗಬೇಕು.

ಮಳಕಾಲ ಭಾಳ ಬ್ಯಾನಿ ಅದ. ನನಗ ಈ ರೋಗ ಬಂದಾದೇನ್ರಿ?

ಮೊಣಕಾಲು ನೋವಿಗೆ ಹೆಚ್ಚಾಗಿ ಕಾರಣ ಕೀಲಿನ ಮೆತ್ತೆ ಸವೆಯುವುದು. ಅದು ಬೇರೆ ಕಾಯಿಲೆ. ಎಲುಬು ಟೊಳ್ಳಾಗುವಾಗ ನೋವೇ ಇರುವುದಿಲ್ಲ, ಮುರಿಯುವವರೆಗೂ ಸುಳಿವು ಸಿಗುವುದಿಲ್ಲ. ಹಾಗಾಗಿ ನೋವಿಗಿಂತ ಈ ಗುರುತುಗಳನ್ನು ನೋಡಿ: ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಕುಗ್ಗಿರುವುದು, ಬೆನ್ನಿನ ಮೇಲ್ಭಾಗ ಗೂನಾಗುತ್ತ ಬರುವುದು, ತುಂಬಿದ ಕೊಡ ಎತ್ತಿದಾಗ ಬೆನ್ನಲ್ಲಿ ಚಳಕ್ ಎಂದು ಹಿಡಿದು ವಾರಗಟ್ಟಲೆ ಬಿಡದಿರುವುದು, ಸಣ್ಣಗೆ ಬಿದ್ದಾಗಲೇ ಮುಂಗೈ ಮುರಿದಿರುವುದು. ಮುಂಗೈ ಮುರಿತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐವತ್ತು ದಾಟಿದ ಹೆಣ್ಣುಮಗಳಿಗೆ ಅದು ಮುಂದೆ ಟೊಂಕಕ್ಕೆ ಬರಬಹುದಾದ ಮುರಿತದ ಮುನ್ಸೂಚನೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲುಬಿನ ಪರೀಕ್ಷೆ ಆಗಲೇಬೇಕು.

ಎತ್ತರ ಅಳೆಯುವುದು ಸುಲಭ. ಚಪ್ಪಲಿ ಬಿಟ್ಟು ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿ. ತಲೆ ಮೇಲೆ ಪಟ್ಟಿಯೊಂದನ್ನು ಅಡ್ಡ ಇಟ್ಟು ಗೋಡೆಗೆ ಗೆರೆ ಎಳೆಸಿ, ಪಕ್ಕದಲ್ಲಿ ತಾರೀಖು ಬರೆಸಿ. ವರ್ಷಕ್ಕೊಮ್ಮೆ ಹೀಗೇ ನೋಡಿ. ಗೆರೆ 2 ಸೆಂ.ಮೀ. ಕೆಳಗಿಳಿದರೆ ಡಾಕ್ಟರಿಗೆ ತೋರಿಸಿ.

ಎಕ್ಸ್‌ರೇದಾಗ ಎಲುಬು ಛಲೋ ಅವ ಅಂದಾರ. ಅಷ್ಟ ಸಾಕಲ್ಲ?

ಸಾಲದು. ಎಲುಬಿನ ಸಾಂದ್ರತೆ ಸುಮಾರು ಮೂರನೇ ಒಂದು ಭಾಗ ಹೋದ ಮೇಲಷ್ಟೇ ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಸರಿಯಾದ ಪರೀಕ್ಷೆ ಎಂದರೆ ಟೊಂಕ ಮತ್ತು ಬೆನ್ನೆಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಟಿ-ಸ್ಕೋರ್ ಎಂಬ ಅಂಕೆ ಬರುತ್ತದೆ. -1ಕ್ಕಿಂತ ಮೇಲಿದ್ದರೆ ಸರಿ, -1ರಿಂದ -2.5ರ ನಡುವೆ ಇದ್ದರೆ ಎಲುಬು ತೆಳುವಾಗಿದೆ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಪುಕ್ಕಟೆ ಶಿಬಿರಗಳಲ್ಲಿ ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿಟ್ಟು ನೋಡುತ್ತಾರಲ್ಲ, ಅದು ಜರಡಿ ಹಿಡಿಯುವ ಪರೀಕ್ಷೆ ಮಾತ್ರ. ಅದನ್ನಷ್ಟೇ ನಂಬಿ ವರ್ಷಗಟ್ಟಲೆ ಔಷಧ ಶುರು ಮಾಡಬಾರದು.

ಸ್ಕ್ಯಾನಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಲೆಕ್ಕ ಹಾಕಬಹುದು. ಮುಟ್ಟು ನಿಂತ ಏಷ್ಯಾದ ಹೆಣ್ಣುಮಕ್ಕಳಿಗಾಗಿ ಮಾಡಿದ ಲೆಕ್ಕ ಇದು. ಕಿಲೋದಲ್ಲಿರುವ ತೂಕದಿಂದ ವಯಸ್ಸನ್ನು ಕಳೆದು, ಬಂದದ್ದನ್ನು 0.2ರಿಂದ ಗುಣಿಸಿ. 66 ವರ್ಷದ, 42 ಕಿಲೋ ತೂಗುವ ಅವ್ವನಿಗೆ 42ರಲ್ಲಿ 66 ಕಳೆದರೆ -24, ಗುಣಿಸಿದರೆ -4.8. ಉತ್ತರ -4ಕ್ಕಿಂತ ಕೆಳಗಿದ್ದರೆ ಅಪಾಯ ಹೆಚ್ಚು, ಡೆಕ್ಸಾ ಮಾಡಿಸಲೇಬೇಕು. -1ರಿಂದ -4ರ ನಡುವೆ ಇದ್ದರೆ ಡಾಕ್ಟರ ಜೊತೆ ಮಾತಾಡಿ. ತೂಕ ಕಡಿಮೆ ಇದ್ದಷ್ಟೂ ಎಲುಬಿಗೆ ಅಪಾಯ ಜಾಸ್ತಿ ಎಂಬುದು ಈ ಲೆಕ್ಕದಲ್ಲೇ ಇದೆ.

ದಿನಾ ಹೊಲದಾಗ ದುಡಿತೀವಿ. ನಮಗೂ ಬರ್ತಾದೇನು?

ಬರುತ್ತದೆ. ದುಡಿಮೆಯಿಂದ ಎಲುಬು ಗಟ್ಟಿಯಾಗುವುದು ನಿಜ. ಆದರೆ ಕಟ್ಟಲು ಸಾಮಾನೇ ಇಲ್ಲದಿದ್ದರೆ ದುಡಿಮೆ ಏನನ್ನು ಕಟ್ಟೀತು? ಕಳೆ ತೆಗೆದು, ತೊಗರಿ ಕೊಯ್ದು, ಮನೆಗೆ ಬಂದು ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಹೆಣ್ಣುಮಗಳಿಗೆ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಸಾಲುವುದಿಲ್ಲ. ಗಂಡಸರಿಗೂ ಈ ಕಾಯಿಲೆ ಬರುತ್ತದೆ, ಸ್ವಲ್ಪ ತಡವಾಗಿ. ಸೆರೆ, ಬೀಡಿ, ಗುಟ್ಕಾ ಅದನ್ನು ಬೇಗ ತರುತ್ತವೆ. ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ.

ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ ಉಣ್ತೀವಿ. ಇದಕ್ಕಿಂತ ಗಟ್ಟಿ ಊಟ ಯಾವುದದ?

ಹೊಟ್ಟೆಗೆ, ಸಕ್ಕರೆ ಕಾಯಿಲೆಗೆ ಒಳ್ಳೆಯ ಊಟ. ಎಲುಬಿಗೆ ಮಾತ್ರ ಇದೊಂದೇ ಸಾಲದು. ಲೆಕ್ಕ ನೋಡಿ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿ.ಗ್ರಾಂಗಿಂತ ಕಡಿಮೆ, ಸಜ್ಜೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿಯಿಂದ 80, ಒಂದು ಹಿಡಿ ತೊಗರಿಬೇಳೆಯಿಂದ 35, ಎರಡು ಸಲದ ಚಹಾದ ಹಾಲಿನಿಂದ 120, ಶೇಂಗಾ ಹಿಂಡಿ, ಅನ್ನ, ಬದನೆಕಾಯಿ ಎಲ್ಲ ಸೇರಿ ಇನ್ನೊಂದು 60-70. ಒಟ್ಟು 300 ಮಿ.ಗ್ರಾಂ ಆಸುಪಾಸು. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ, ಹಾಲೂಡಿಸುವವರಿಗೆ ಮತ್ತು ಮುಟ್ಟು ನಿಂತವರಿಗೆ 1200 ಮಿ.ಗ್ರಾಂ ಬೇಕು. ಅಂದರೆ ಮೂರರಲ್ಲಿ ಎರಡು ಪಾಲು ಕೊರತೆ.

ಈ ಕೊರತೆ ತುಂಬಲು ರೊಟ್ಟಿ ಬಿಡಬೇಕಿಲ್ಲ, ಅದರ ಜೊತೆಗಿರುವುದನ್ನು ಬದಲಿಸಿದರೆ ಸಾಕು:

- ಮಧ್ಯಾಹ್ನ ಒಂದು ಗ್ಲಾಸ್ (200 ಮಿ.ಲೀ.) ಹಾಲು ಅಥವಾ ಅಷ್ಟೇ ಮೊಸರು: ಸುಮಾರು 240 ಮಿ.ಗ್ರಾಂ.
- ಬೆಳಿಗ್ಗೆ 50 ಗ್ರಾಂ ರಾಗಿಹಿಟ್ಟಿನ ಅಂಬಲಿ: ಸುಮಾರು 180. ಜೋಳದ ಅಂಬಲಿಗೆ ಈ ಗುಣವಿಲ್ಲ. ರಾಗಿ ನಮ್ಮ ಕಡೆಯ ಬೆಳೆ ಅಲ್ಲದಿದ್ದರೂ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.
- ಶೇಂಗಾ ಹಿಂಡಿಯ ಜೊತೆಗೆ ಎಳ್ಳಿನ ಹಿಂಡಿ ದಿನಕ್ಕೆ 20 ಗ್ರಾಂ: ಸುಮಾರು 250. ಗುರೆಳ್ಳು, ಅಗಸಿ ಹಿಂಡಿಯೂ ಶೇಂಗಾಕ್ಕಿಂತ ಮೇಲು. ಭೋಗಿ ದಿನ ಸಜ್ಜೆರೊಟ್ಟಿಗೆ ಹಚ್ಚುವ ಎಳ್ಳು ವರ್ಷವಿಡೀ ಹಚ್ಚಬಹುದು.
- 100 ಗ್ರಾಂ ಮೆಂತ್ಯ ಪಲ್ಯ: ಸುಮಾರು 270. ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು. ಹಿತ್ತಲಲ್ಲಿ ಒಂದು ನುಗ್ಗೆಗಿಡ ಇದ್ದರೆ ಬೇಸಿಗೆಯಲ್ಲೂ ಸೊಪ್ಪು ತಪ್ಪುವುದಿಲ್ಲ.

ಮೊದಲಿನ 300ಕ್ಕೆ ಇವೆಲ್ಲ ಸೇರಿದರೆ 1200 ದಾಟುತ್ತದೆ. ಆದರೆ ಎಳ್ಳು, ರಾಗಿ, ಸೊಪ್ಪುಗಳಲ್ಲಿರುವ ಆಕ್ಸಲೇಟ್, ಫೈಟೇಟ್ ಎಂಬ ಅಂಶಗಳು ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಅದಷ್ಟೂ ಮೈಗೆ ಹತ್ತುವುದಿಲ್ಲ. ಪಾಲಕ್ ಇದಕ್ಕೆ ದೊಡ್ಡ ಉದಾಹರಣೆ: ಅಂಕೆಯಲ್ಲಿ ಕ್ಯಾಲ್ಸಿಯಂ ಇದೆ, ಎಲುಬಿಗೆ ಸಿಗುವುದು ಅತ್ಯಲ್ಪ. ಅದಕ್ಕೇ ಎಲ್ಲವನ್ನೂ ಒಂದೇ ಪದಾರ್ಥದ ಮೇಲೆ ಬಿಡದೆ ಹಾಲು ಅಥವಾ ಮೊಸರನ್ನು ದಿನವೂ ಸೇರಿಸಬೇಕು. ರಾಗಿ ನೆನೆಸಿ ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದರೆ, ಎಳ್ಳು ಹುರಿದು ಕುಟ್ಟಿದರೆ ಹೆಚ್ಚು ಹತ್ತುತ್ತದೆ. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಯ ಉಪ್ಪು ಮಿತಿ ಮೀರಿದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹರಿದುಹೋಗುತ್ತದೆ ಎಂಬುದೂ ನೆನಪಿರಲಿ.

ಎಮ್ಮೆ ಕಟ್ಟಿದ ಮನೆಗಳಿಗೆ ಒಂದು ಮಾತು. ಹಾಲೆಲ್ಲ ಡೈರಿಗೆ ಹೋಗಿ ಮನೆಗೆ ಚಹಾದಷ್ಟೇ ಉಳಿಯುವುದು ಈ ಭಾಗದಲ್ಲಿ ಮಾಮೂಲಿ. ಡೈರಿಗೆ ಹಾಕುವ ಮುಂಚೆ ಮನೆಯ ಪ್ರತಿ ಹೆಣ್ಣುಮಗಳಿಗೂ, ಮಗುವಿಗೂ ಒಂದೊಂದು ಗ್ಲಾಸ್ ತೆಗೆದಿಡಿ.

ಹಾಲ ಕುಡದ್ರ ಹೊಟ್ಟಿ ಉಬ್ಬತದ. ಮಜ್ಜಿಗಿ ನಡೀತದಲ್ಲ?

ಮೊಸರು ನಡೆಯುತ್ತದೆ, ಹೆಪ್ಪಾಗುವಾಗ ಹೊಟ್ಟೆ ಉಬ್ಬಿಸುವ ಸಕ್ಕರೆ ಅಂಶ ಕಡಿಮೆಯಾಗುತ್ತದೆ. ಮಜ್ಜಿಗೆ ಎಷ್ಟು ತಿಳಿ ಎಂಬುದನ್ನು ನೋಡಬೇಕು. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಹಾಕಿದರೆ ಒಂದು ಗ್ಲಾಸಿನಲ್ಲಿ 60 ಮಿ.ಗ್ರಾಂ ಮಾತ್ರ. ಬಾಯಾರಿಕೆಗೆ ಒಳ್ಳೆಯದು, ಎಲುಬಿನ ಲೆಕ್ಕಕ್ಕೆ ನಾಲ್ಕು ಗ್ಲಾಸ್ ಬೇಕು.

ಗೋದಿ ಕಾಳಿನಷ್ಟು ಸುಣ್ಣ ದಿನಾ ತಿಂದ್ರ ಎಲುಬು ಗಟ್ಟಿ ಆಗ್ತಾವಂತ ಮೊಬೈಲ್‌ದಾಗ ಬಂದಾದ. ಖರೇನ?

ತಿನ್ನಬೇಡಿ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಅದು ಬಾಯಿ, ಗಂಟಲು, ಹೊಟ್ಟೆಯ ಒಳಪೊರೆಯನ್ನು ಸುಡುವ ಕ್ಷಾರ. ಗೋಡೆಗೆ ಬಳಿಯುವ ಸುಣ್ಣದಲ್ಲಿ ಇನ್ನೇನು ಬೆರೆತಿದೆಯೋ ನೋಡುವವರಿಲ್ಲ. ತಂಬಾಕಿನ ಜೊತೆ ಸೇರಿದರಂತೂ ಬಾಯಿ ಕ್ಯಾನ್ಸರಿಗೆ ದಾರಿ.

ನಮ್ಮ ಊರಾಗ ಬಿಸಲಿಗೇನು ಬರ? ಆದ್ರೂ ವಿಟಮಿನ್ ಡಿ ಕಮ್ಮಿ ಅದ ಅಂತಾರ, ಯಾಕ?

ಬಿಸಿಲು ಊರಲ್ಲಿದೆ, ಚರ್ಮಕ್ಕೆ ತಾಗುತ್ತಿಲ್ಲ. ಮೇ ತಿಂಗಳಲ್ಲಿ 42-43 ಡಿಗ್ರಿ ಇರುವಾಗ ಯಾರೂ ಹೊರಗೆ ಬರುವುದಿಲ್ಲ. ಬಂದರೂ ಸೆರಗು, ಬುರ್ಖಾ, ತುಂಬುತೋಳಿನ ಬಟ್ಟೆಯಲ್ಲಿ ಮೈ ಮುಚ್ಚಿರುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ. ಬೆಳಿಗ್ಗೆ ಏಳು ಗಂಟೆಯ ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲೂ ಬೇಕಾದ ಕಿರಣ ಬಹಳ ಕಡಿಮೆ.

ಗಡಿಯಾರಕ್ಕಿಂತ ನಿಮ್ಮ ನೆರಳನ್ನು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇರುವಾಗಿನ ಬಿಸಿಲೇ ಕೆಲಸಕ್ಕೆ ಬರುವುದು. ನಮ್ಮ ಮೂರು ಜಿಲ್ಲೆಗಳಲ್ಲಿ ಡಿಸೆಂಬರ್ ಕೊನೆಗೆ ಹಾಗಾಗುವುದು ಸುಮಾರು 11ರಿಂದ 1.30ರ ನಡುವೆ ಮಾತ್ರ. ಆಗ 20-30 ನಿಮಿಷ ಕುಳಿತರೂ ತೊಂದರೆ ಇಲ್ಲ. ಮೇ ತಿಂಗಳಲ್ಲಿ ಬೆಳಿಗ್ಗೆ 9.15ಕ್ಕೇ ನೆರಳು ಗಿಡ್ಡವಾಗುತ್ತದೆ, ಅಲ್ಲಿಂದ 15-20 ನಿಮಿಷ ಸಾಕು, 10ಕ್ಕೆ ಒಳಗೆ ಬಂದುಬಿಡಿ. ಬೇಸಿಗೆಯ ನಡುಮಧ್ಯಾಹ್ನ ವಿಟಮಿನ್ನಿಗೆಂದು ಕುಳಿತರೆ ಉಷ್ಣಾಘಾತ ಆದೀತು. ಮೊಣಕೈವರೆಗೆ ಕೈ, ಮೊಣಕಾಲಿನ ಕೆಳಗೆ ಕಾಲು ಬಿಸಿಲಿಗೆ ಬಿಡಿ. ಪರದೆ ಇಡುವವರು ಮಾಳಿಗೆ ಮೇಲೆ ಅಥವಾ ಒಳ ಅಂಗಳದಲ್ಲಿ ಸೀರೆ ಅಡ್ಡಕಟ್ಟಿಕೊಂಡು ಕೂರಬಹುದು. ವಾರಕ್ಕೆ ಮೂರು-ನಾಲ್ಕು ದಿನವಾದರೂ ಹೀಗೆ ಆಗಬೇಕು. ಚರ್ಮ ಕಪ್ಪಿದ್ದವರಿಗೆ, ಅರವತ್ತು ದಾಟಿದವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು.

60,000ದ ಗುಳಗಿ ಮೆಡಿಕಲ್ ಅಂಗಡಿಯವರು ಕೊಟ್ಟಾರ. ದಿನಾ ತಗೋಬೇಕೇನು?

ಬೇಡವೇ ಬೇಡ. ಬಹಳ ಜನ ತಪ್ಪುವುದು ಇಲ್ಲೇ. ವಿಟಮಿನ್ ಡಿಯ 60,000 ಯೂನಿಟ್‌ನ ಪುಡಿ ಅಥವಾ ಗುಳಿಗೆ ವಾರಕ್ಕೊಂದು, ಸಾಮಾನ್ಯವಾಗಿ 8 ವಾರ. ಆಮೇಲೆ ಡಾಕ್ಟರ್ ಹೇಳಿದರೆ ತಿಂಗಳಿಗೊಂದು. ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಗೊಂದಲ ಶುರುವಾಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ದಿನದ ಸಹಜ ಅಗತ್ಯ 600 ಯೂನಿಟ್, ಅರವತ್ತು ದಾಟಿದವರಿಗೆ 800. ಹಾಲು, ಎಣ್ಣೆ, ತುಪ್ಪ ಇರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಒಮ್ಮೆಲೇ 6 ಲಕ್ಷ ಯೂನಿಟ್‌ನ ಸೂಜಿ ಹಾಕಿಸಿಕೊಳ್ಳುವ ರೂಢಿ ಇದೆ. ವಯಸ್ಸಾದವರಿಗೆ ವರ್ಷಕ್ಕೊಮ್ಮೆ ಕೊಟ್ಟ ಭಾರಿ ಡೋಸಿನಿಂದ ಬೀಳುವುದೂ, ಮುರಿಯುವುದೂ ಹೆಚ್ಚಾದದ್ದು ಅಧ್ಯಯನದಲ್ಲಿ ಕಂಡಿದೆ. ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುವುದು ಲೇಸು.

ಕ್ಯಾಲ್ಸಿಯಂ ಗುಳಗಿ ತಗೊಂಡ್ರ ಕಿಡ್ನ್ಯಾಗ ಹಳ್ಳ ಆಗ್ತಾವಂತ ಅಂಜಿಕಿ ಅದ.

ಊಟದಲ್ಲಿರುವ ಕ್ಯಾಲ್ಸಿಯಮ್ಮಿನಿಂದ ಕಲ್ಲಾಗುವುದಿಲ್ಲ. ಅದು ಕರುಳಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಕಲ್ಲನ್ನು ತಡೆಯುತ್ತದೆ. ಆದ್ದರಿಂದ ಕಲ್ಲಾಗಿದೆ ಎಂದು ಹಾಲು, ಮೊಸರು ಬಿಡಬೇಡಿ. ನಮ್ಮ ಸೆಕೆಗೆ ನೀರು ಕಡಿಮೆ ಕುಡಿಯುವುದೇ ಕಲ್ಲಿನ ದೊಡ್ಡ ಕಾರಣ. ಗುಳಿಗೆಯ ಮಾತು ಬೇರೆ: ಊಟದಲ್ಲಿ ಎಷ್ಟು ಕೊರತೆ ಇದೆಯೋ ಅಷ್ಟಕ್ಕೇ ಗುಳಿಗೆ. ಡಬ್ಬಿ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಎಂದಿದ್ದರೆ ಅದರೊಳಗಿನ ನಿಜವಾದ ಕ್ಯಾಲ್ಸಿಯಂ 500. ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಬೇಡ, ಕರುಳು ಹೀರುವುದಿಲ್ಲ. ಕಾರ್ಬೊನೇಟನ್ನು ಊಟದ ಜೊತೆಗೆ, ಕ್ಯಾಲ್ಸಿಯಂ ಸಿಟ್ರೇಟನ್ನು ಯಾವಾಗಲಾದರೂ ತೆಗೆದುಕೊಳ್ಳಬಹುದು. ಕಬ್ಬಿಣಾಂಶದ ಗುಳಿಗೆಗೂ ಇದಕ್ಕೂ 2 ತಾಸು, ಥೈರಾಯ್ಡ್ ಗುಳಿಗೆಗೂ ಇದಕ್ಕೂ 4 ತಾಸು ಅಂತರವಿರಲಿ. ಹಿಂದೆ ಕಲ್ಲಾದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಮಗಳಿಗಿನ್ನ ಹದಿಮೂರು. ಇದು ಮುದುಕರ ರೋಗ ಅಲ್ಲೇನ್ರಿ?

ಕಾಣುವುದು ಮುಪ್ಪಿನಲ್ಲಿ, ತೀರ್ಮಾನವಾಗುವುದು ಹದಿಮೂರರಲ್ಲಿ. ಹಿಂದೆ ನೆಲದ ಹಗೇವಿನಲ್ಲಿ ಜೋಳ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದಂತೆ, ಹನ್ನೊಂದರಿಂದ ಹದಿನೆಂಟರವರೆಗೆ ಎಲುಬು ಭರದಿಂದ ತುಂಬುತ್ತದೆ, ಮೂವತ್ತರ ಹೊತ್ತಿಗೆ ತುಂಬುವುದು ನಿಲ್ಲುತ್ತದೆ, ಆಮೇಲೆ ಬರೀ ತೆಗೆಯುವುದೇ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಕೆಲವರಿಗೆ ಶೇಕಡ 20ರವರೆಗೂ ಎಲುಬು ಕರಗುತ್ತದೆ. 13-15ರ ವಯಸ್ಸಿಗೆ ದಿನಕ್ಕೆ 1000 ಮಿ.ಗ್ರಾಂ, 16-18ಕ್ಕೆ 1050 ಮಿ.ಗ್ರಾಂ ಬೇಕು. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಬಿಸಿಯೂಟದ ಜೊತೆ ಮೊಟ್ಟೆ ಇದೆ. ಮಗಳು ನಾಚಿಕೆಗೋ ವಾಸನೆಗೋ ಬಿಟ್ಟುಬರುತ್ತಿದ್ದಾಳಾ ಎಂದು ವಿಚಾರಿಸಿ. ಓಡುವ, ಜಿಗಿಯುವ ಆಟ ಈ ವಯಸ್ಸಿನಲ್ಲಿ ಎಲುಬಿಗೆ ಬಹಳ ಮುಖ್ಯ. ದೊಡ್ಡವಳಾದಳೆಂದು ಕುಂಟಾಬಿಲ್ಲೆ, ಹಗ್ಗದಾಟ, ಕಬಡ್ಡಿ ಬಿಡಿಸಬೇಡಿ.

ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದರೆ ಕಾನೂನು ಮುರಿದಂತಾಗುವುದಷ್ಟೇ ಅಲ್ಲ, ತನ್ನ ಎಲುಬು ಇನ್ನೂ ತುಂಬುತ್ತಿರುವಾಗಲೇ ಆಕೆ ಇನ್ನೊಂದು ಮಗುವಿನ ಎಲುಬಿಗೂ ಕೊಡಬೇಕಾಗುತ್ತದೆ. ಬಸುರಿಯರಿಗೆ ಸರಕಾರಿ ದವಾಖಾನೆಯಲ್ಲಿ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಗುಳಿಗೆ ಪುಕ್ಕಟೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಹೆರಿಗೆಯಾದ ಮೇಲೆ ನಿಲ್ಲಿಸಿಬಿಡುವುದೇ ಹೆಚ್ಚು, ಹಾಲೂಡಿಸುವಾಗಲೇ ಹೆಚ್ಚು ಬೇಕು.

ಮೂವತ್ತೈದಕ್ಕ ಗರ್ಭಚೀಲ ತೆಗಸೀನಿ. ಎಲುಬಿಗೂ ಅದಕ್ಕೂ ಏನ್ ಸಂಬಂಧ?

ನೇರ ಸಂಬಂಧ ಇದೆ. ಎಲುಬನ್ನು ಕಾಯುವ ಈಸ್ಟ್ರೋಜನ್ ಹಾರ್ಮೋನು ಬರುವುದು ಅಂಡಾಶಯದಿಂದ. ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ಆ ದಿನದಿಂದಲೇ ಎಲುಬು ಕರಗತೊಡಗುತ್ತದೆ. ಅಂಡಾಶಯ ಉಳಿಸಿದ್ದರೂ ಅದು ನಿಲ್ಲುವ ಕಾಲ ಕೆಲವು ವರ್ಷ ಮುಂಚೆ ಬರಬಹುದು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನವರಿಗೂ ಅಗತ್ಯವಿಲ್ಲದೆ ಈ ಆಪರೇಷನ್ ಮಾಡಿದ್ದು ಬಯಲಿಗೆ ಬಂದು ಹೋರಾಟವೇ ನಡೆದಿದೆ. ಅವರೆಲ್ಲರ ಎಲುಬಿಗೆ ಇನ್ನು ಮುಂದೆ ವಿಶೇಷ ನಿಗಾ ಬೇಕು. ಡಿಸ್ಚಾರ್ಜ್ ಚೀಟಿ ಹುಡುಕಿ ಅಂಡಾಶಯ ತೆಗೆದಿದ್ದಾರೋ ಇಲ್ಲವೋ ಡಾಕ್ಟರಿಂದ ಓದಿಸಿ. ತೆಗೆದಿದ್ದರೆ ವಯಸ್ಸು ನಲವತ್ತಿದ್ದರೂ ಡೆಕ್ಸಾ ಕೇಳಿ, ಹಾರ್ಮೋನು ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರಲ್ಲಿ ವಿಚಾರಿಸಿ. ಬಿಳಿಸೆರಗಿಗೆ, ಹೊಟ್ಟೆನೋವಿಗೆ ಗರ್ಭಚೀಲ ತೆಗೆಸಿ ಎಂದು ಯಾರಾದರೂ ಹೇಳಿದರೆ ಸರಕಾರಿ ದವಾಖಾನೆಯಲ್ಲಿ ಎರಡನೆಯವರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಬೋರಿನ ನೀರಾಗ ಫ್ಲೋರೈಡ್ ಅದ ಅಂತಾರ. ಕುದಿಸಿ ಕುಡದ್ರ ಸಾಕಲ್ಲ?

ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಹೆಚ್ಚಿದ್ದರೆ ಮಕ್ಕಳ ಹಲ್ಲಲ್ಲಿ ಕಂದು ಪಟ್ಟಿ, ದೊಡ್ಡವರಿಗೆ ಕುತ್ತಿಗೆ, ಬೆನ್ನು ಸೆಟೆದುಕೊಳ್ಳುವುದು ಕಾಣುತ್ತದೆ. ಇಂಥವರ ಎಲುಬು ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿ ಮುರಿಯುತ್ತದೆ, ಡೆಕ್ಸಾದ ಅಂಕೆಯೂ ಮೋಸ ಮಾಡಬಹುದು. ಆದ್ದರಿಂದ ನಿಮ್ಮೂರಿನ ನೀರಿನ ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ಗ್ರಾಮ ಪಂಚಾಯಿತಿ ಮೂಲಕ ನೀರಿನ ಪರೀಕ್ಷೆ ಮಾಡಿಸಿ. ಶುದ್ಧೀಕರಣ ಘಟಕದ ನೀರನ್ನು ಕುಡಿಯಲಷ್ಟೇ ತಂದು, ಬೇಳೆ ಬೇಯಿಸಲು, ಹಿಟ್ಟು ನಾದಲು ಬೋರಿನ ನೀರು ಬಳಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಅಡುಗೆಗೂ ಘಟಕದ ನೀರೇ ಬೇಕು.

ಬ್ಯಾನಿಗೆ ಒಬ್ರು ಪುಡಿ ಕೊಡ್ತಾರ, ಒಂದ ದಿನಕ್ಕ ಹಗುರ ಆಗ್ತದ.

ಅಷ್ಟು ಬೇಗ ಹಗುರವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಹೆಸರು, ಚೀಟಿ ಇಲ್ಲದ ಪುಡಿ, ಬಿಡಿ ಗುಳಿಗೆ, ಸೂಜಿ ಯಾವುದನ್ನೂ ನಂಬಬೇಡಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 5 ಮಿ.ಗ್ರಾಂನಂತೆ ಮೂರು ತಿಂಗಳು ಹೋದರೂ ಎಲುಬು ಕರಗುತ್ತದೆ. ಮುಖ ಊದಿ ದುಂಡಗಾಗುವುದು, ಹೊಟ್ಟೆ ಮಾತ್ರ ದಪ್ಪವಾಗುವುದು ಅದರ ಗುರುತು. ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಪ್ರಾಣಕ್ಕೇ ಅಪಾಯ. ಪುಡಿಯನ್ನೇ ಕೈಯಲ್ಲಿ ಹಿಡಿದು ಡಾಕ್ಟರ ಬಳಿ ಹೋಗಿ. ದಮ್ಮಿಗೆ, ಸಂಧಿವಾತಕ್ಕೆ ಡಾಕ್ಟರೇ ಬರೆದ ಸ್ಟೀರಾಯ್ಡ್ ಆದರೆ ಮುಂದುವರಿಸಿ, ಎಲುಬಿನ ರಕ್ಷಣೆಗೆ ಏನು ಮಾಡಬೇಕೆಂದು ಕೇಳಿ.

ಯೋಗ ಮಾಡಬಹುದೇನು?

ಎಲುಬು ಗಟ್ಟಿ ಇರುವಾಗ ಧಾರಾಳವಾಗಿ. ಟೊಳ್ಳಾಗಿದೆ ಎಂದು ಗೊತ್ತಾದ ಮೇಲೆ ಪಶ್ಚಿಮೋತ್ತಾನಾಸನ, ಹಲಾಸನದಂತೆ ಮುಂದೆ ಬಾಗುವ, ಸೊಂಟ ತಿರುಚುವ ಆಸನ ಬೇಡ, ಬೆನ್ನೆಲುಬು ಕುಸಿಯಬಹುದು. ದಿನಕ್ಕೆ 30 ನಿಮಿಷ ಚುರುಕು ನಡಿಗೆ, ಕೈಯೂರದೆ ಕುರ್ಚಿಯಿಂದ 10 ಸಲ ಏಳುವುದು, ಗೋಡೆ ಹಿಡಿದು ತುದಿಗಾಲಲ್ಲಿ 10 ಸಲ ಏರಿಳಿಯುವುದು, ಒಂಟಿಕಾಲಲ್ಲಿ 10 ಎಣಿಸುವವರೆಗೆ ನಿಲ್ಲುವುದು: ಇಷ್ಟು ಸಾಕು. ನಡಿಗೆಯೊಂದರಿಂದಲೇ ತೋಲ ಸುಧಾರಿಸುವುದಿಲ್ಲ, ಅದಕ್ಕೇ ಉಳಿದ ಮೂರು. ಕೊಡ ಎತ್ತುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ, ಎದೆಗೆ ಅವಚಿಕೊಂಡು ಏಳಿ.

ಮನ್ಯಾಗ ಬೀಳದಂಗ ಏನ್ ಮಾಡಬೇಕು?

ಶಹಾಬಾದ್ ಪರಸಿ ಹಾಸಿದ ಬಚ್ಚಲು ಸಾಬೂನಿನ ಜಿಡ್ಡು ಕೂತರೆ ಗಾಜಿನಷ್ಟು ಜಾರುತ್ತದೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ, ಪರಸಿಗೆ ಉಳಿಯಿಂದ ಟಾಕಿ ಹಾಕಿಸಿ ತರಿ ಮಾಡಿಸಿ. ಸಂಡಾಸದಲ್ಲೂ ಬಚ್ಚಲಲ್ಲೂ ಟೊಂಕದ ಎತ್ತರಕ್ಕೆ ಕಬ್ಬಿಣದ ಹಿಡಿಕೆಯನ್ನು ಬೋಲ್ಟ್ ಹೊಡೆದು ಕೂರಿಸಿ. ನಳಕ್ಕೆ ಕೈಕೊಟ್ಟು ಏಳುವವರು ನಳದ ಸಮೇತ ಬೀಳುತ್ತಾರೆ. ಎತ್ತರದ ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟೆ ಬಳಿಯಿರಿ. ಬಹಳ ಜನ ಬೀಳುವುದು ರಾತ್ರಿ ಮೂತ್ರಕ್ಕೆ ಏಳುವಾಗ. ಕರೆಂಟ್ ನಂಬದೆ ತಲೆದಿಂಬಿನ ಪಕ್ಕ ಬ್ಯಾಟರಿ ಇಡಿ. ಬಿ.ಪಿ. ಗುಳಿಗೆ, ನಿದ್ದೆಗುಳಿಗೆ ತೆಗೆದುಕೊಳ್ಳುವವರು ಎದ್ದು ಒಂದು ನಿಮಿಷ ಮಂಚದ ಮೇಲೇ ಕುಳಿತು ಆಮೇಲೆ ನಿಲ್ಲಬೇಕು. ಸವೆದ ಹವಾಯಿ ಚಪ್ಪಲಿ ಬಿಸಾಡಿ, ಸೀರೆ ಪಾದಕ್ಕೆ ತೊಡರದಷ್ಟು ಎತ್ತಿ ಉಡಿಸಿ. ಕಣ್ಣಿನ ಪೊರೆಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಆಪರೇಷನ್ ಆಗುತ್ತದೆ, ಮುಂದೂಡಬೇಡಿ.

ಅವ್ವ ಬಿದ್ದಾಳ, ಏಳ್ಲಕ ಆಗವಲ್ದು. ಕಟ್ಟು ಕಟ್ಟೋರ ಹಂತೇಲಿ ಒಯ್ಲೇನು?

ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಟೊಂಕದ ಎಲುಬು ಮುರಿದಿದೆ. ಹಾಗೆ ಕಾಣದಿದ್ದರೂ ಕಾಲೂರಲು ಆಗದಿದ್ದರೆ ಮುರಿದಿದೆ ಎಂದೇ ತಿಳಿಯಿರಿ. ನಿಲ್ಲಿಸಬೇಡಿ, ತಿಕ್ಕಬೇಡಿ, ಎಳೆಯಬೇಡಿ. ಎರಡು ಕಾಲಿನ ನಡುವೆ ದಿಂಬಿಟ್ಟು ಸಡಿಲವಾಗಿ ಕಟ್ಟಿ 108ಕ್ಕೆ ಕರೆ ಮಾಡಿ. ಟೊಂಕದ ಮುರಿತ ಕಟ್ಟಿನಿಂದ ಕೂಡುವುದಿಲ್ಲ, 48 ತಾಸಿನೊಳಗೆ ಆಪರೇಷನ್ ಆದರೆ ಮತ್ತೆ ನಡೆಯುವ ಸಾಧ್ಯತೆ ಹೆಚ್ಚು. ಹಾಸಿಗೆ ಹಿಡಿಸಿದರೆ ನ್ಯುಮೋನಿಯಾ, ಬೆನ್ನಹುಣ್ಣು, ರಕ್ತ ಹೆಪ್ಪುಗಟ್ಟುವುದು ಪ್ರಾಣ ತೆಗೆಯುತ್ತವೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರಕಾರಿ ದವಾಖಾನೆಗಳು. ಬಿ.ಪಿ.ಎಲ್. ಕಾರ್ಡ್, ಆಧಾರ್ ಜೊತೆಗೇ ಒಯ್ಯಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ.

ಆಪರೇಷನ್ ಆದಮ್ಯಾಲ ವಾರಕ್ಕೊಂದು ಗುಳಗಿ ಬರದಾರ. ಎಲುಬು ಕೂಡ್ಯಾದ, ಇನ್ನ ಯಾಕ?

ಮುರಿದದ್ದು ಕೂಡಿದೆ, ಉಳಿದ ಎಲುಬುಗಳು ಹಾಗೇ ಟೊಳ್ಳಾಗಿವೆ. ಮೊದಲ ಮುರಿತದ ನಂತರದ ಎರಡು ವರ್ಷಗಳಲ್ಲೇ ಇನ್ನೊಂದು ಮುರಿತದ ಅಪಾಯ ಅತಿ ಹೆಚ್ಚು. ಅದು ಅಲೆಂಡ್ರೊನೇಟ್ 70 ಮಿ.ಗ್ರಾಂ ಆಗಿದ್ದರೆ ವಾರದ ಒಂದು ದಿನ ಗೊತ್ತು ಮಾಡಿಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಗ್ಲಾಸ್ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ತಾಸು ಮಲಗಬಾರದು, ಚಹಾ ಬೇಡ, ಬೇರೆ ಗುಳಿಗೆಯೂ ಬೇಡ. ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ, ಚಹಾ ಕುಡಿದರೆ ಔಷಧ ಮೈಗೆ ಹತ್ತುವುದೇ ಇಲ್ಲ. ಹಲ್ಲು ಕೀಳಿಸುವುದಿದ್ದರೆ ಶುರು ಮಾಡುವ ಮುಂಚೆ ಕೀಳಿಸಿ. ಕೆಲವರಿಗೆ ಇದರ ಬದಲು ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ, ಅಥವಾ ಆರು ತಿಂಗಳಿಗೊಮ್ಮೆ ಸೂಜಿ ಕೊಡುತ್ತಾರೆ. ಆರು ತಿಂಗಳ ಡೆನೊಸುಮ್ಯಾಬ್ ಸೂಜಿಯನ್ನು ತಪ್ಪಿಸಿದರೆ ಬೆನ್ನೆಲುಬುಗಳು ಸಾಲಾಗಿ ಕುಸಿಯುವ ಅಪಾಯ ಇದೆ, ಮುಂದಿನ ತಾರೀಖನ್ನು ಎತ್ತರ ಅಳೆಯುವ ಗೋಡೆಯ ಪಕ್ಕದಲ್ಲೇ ಬರೆದಿಡಿ.